ಎರಡು ತಾಮ್ರದ ಕೊಳವೆಗಳು

ಮೇ ತಿಂಗಳು. ನಾನು ಸೊಲ್ಲಾಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಸೊಲ್ಲಾಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಉಷ್ಣತೆ 40 ಅಂಶ ಸೆಲ್ಸಿಯಸ್ ದಾಟುತ್ತದೆ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಮುಖಕ್ಕೆ ಬಡಿಯುತ್ತದೆ. ಅಕ್ಕನ ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದು ಎರಡೇ ದಿನವಾಗಿತ್ತು. ಸೆಕೆಯಿಂದ ಅವರಿಗೆ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಆದ್ದರಿಂದ ಭಾವನವರು ಅವರ ಕೋಣೆಗೆಂದು ಗೋಡೆಗೆ ಕೂಡಿಸುವ ಎ.ಸಿ.ಯನ್ನು ತಂದಿದ್ದರು.

ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಜೋಡಿಸಲು ಒಬ್ಬ ತರುಣ ಬಂದ. ಅವನು ಅಕ್ಕಲಕೋಟದ ಕಡೆಯವನು. ನಿಮ್ಮ ಹಾಗೆಯೇ ಕನ್ನಡ ಶಾಲೆಯಲ್ಲಿ ಓದಿದವನು. ಹತ್ತನೆಯ ತರಗತಿಯ ನಂತರ ಐ.ಟಿ.ಐ.ಯಲ್ಲಿ ಎರಡು ವರ್ಷ ಈ ಕೆಲಸ ಕಲಿತಿದ್ದ. ಅಕ್ಕನ ಮಗಳು ಮತ್ತು ಮಗ ಅವನ ಬೆನ್ನು ಬಿಡಲಿಲ್ಲ.

“ಇದು ಒಂದು ಟನ್ನಿನ ಎ.ಸಿ.” ಎಂದು ತರುಣ ಹೇಳಿದ.

“ಒಂದು ಟನ್ ಅಂದರೆ ಸಾವಿರ ಕಿಲೋ! ನೀವು ಒಬ್ಬರೇ ಹೇಗೆ ಎತ್ತಿದಿರಿ, ಕಾಕಾ?” ಎಂದು ಹುಡುಗ ಕಣ್ಣರಳಿಸಿದ.

ತರುಣ ನಕ್ಕ. ಇದು ತೂಕದ ಮಾತಲ್ಲ, ಮಕ್ಕಳೇ. ಹಿಂದೆ ತಂಪಿಗಾಗಿ ಮಂಜುಗಡ್ಡೆಯನ್ನೇ ಬಳಸುತ್ತಿದ್ದರು. ಒಂದು ಟನ್, ಅಂದರೆ ಅಮೆರಿಕದ ಅಳತೆಯಂತೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ, ಅಷ್ಟೇ ಹೊತ್ತಿನಲ್ಲಿ ಅಷ್ಟು ಶಾಖವನ್ನು ಈ ಯಂತ್ರ ಕೋಣೆಯಿಂದ ಹೊರಗೆ ಸಾಗಿಸಬಲ್ಲದು.

ಈ ಎ.ಸಿ.ಗೆ ಎರಡು ಭಾಗಗಳು. ಒಂದು ಕೋಣೆಯ ಗೋಡೆಯ ಮೇಲೆ, ಇನ್ನೊಂದು ಮನೆಯ ಹೊರಗೆ. ಇವೆರಡನ್ನೂ ಎರಡು ತಾಮ್ರದ ಕೊಳವೆಗಳು ಕೂಡಿಸುತ್ತವೆ. ಒಂದು ಕಾಲು ಇಂಚಿನ ಸಣ್ಣ ಕೊಳವೆ. ಇನ್ನೊಂದು ಅದಕ್ಕಿಂತ ದಪ್ಪ. ಅವುಗಳೊಳಗೆ ಶೀತಕ ಎಂಬ ವಸ್ತು ಹರಿಯುತ್ತದೆ. ಸಣ್ಣ ಕೊಳವೆಯಲ್ಲಿ ಅದು ಬಹುಪಾಲು ದ್ರವವಾಗಿ ಒಳಗೆ ಬರುತ್ತದೆ, ದಪ್ಪ ಕೊಳವೆಯಲ್ಲಿ ಅನಿಲವಾಗಿ ಹೊರಗೆ ಹೋಗುತ್ತದೆ.

ಮಣ್ಣಿನ ಹರವಿಯ ನೀರು ಏಕೆ ತಣ್ಣಗಿರುತ್ತದೆ? ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಅದು ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಶೀತಕವೂ ಹಾಗೆಯೇ ಕೋಣೆಯ ಶಾಖವನ್ನು ಹೀರಿ ಅನಿಲವಾಗುತ್ತದೆ. ಹೊರಗಿನ ಯಂತ್ರ ಅದನ್ನು ಅದುಮಿ, ಶಾಖವನ್ನು ಬಯಲಿಗೆ ಬಿಟ್ಟು, ಮತ್ತೆ ದ್ರವ ಮಾಡಿ ಒಳಗೆ ಕಳುಹಿಸುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಹರವಿಯ ನೀರು ಆರಿದರೆ ಮತ್ತೆ ತುಂಬಬಹುದು. ಇಲ್ಲಿ ಅದೇ ಶೀತಕ ವರ್ಷಾನುಗಟ್ಟಲೆ ಸುತ್ತುತ್ತಿರಬೇಕು. ಆದ್ದರಿಂದ ಕೊಳವೆಯ ಜೋಡಣೆ ಸರಿಯಾಗಿರಬೇಕು.

ತರುಣ ಮೊದಲು ಗೋಡೆಯಲ್ಲಿ ರಂಧ್ರ ಕೊರೆದ. ಅದು ಹೊರಗಡೆಗೆ ಸ್ವಲ್ಪ ಇಳಿಜಾರಾಗಿತ್ತು. ಒಳಗಿನ ಯಂತ್ರದಲ್ಲಿ ಸೇರುವ ನೀರು ಕೋಣೆಗೆ ಬರದೆ ಹೊರಗೆ ಹೋಗಲಿ ಎಂದು ಹಾಗೆ ಮಾಡುತ್ತಾರೆ. ಹೊರಗಿನ ಯಂತ್ರವನ್ನು ಹಿತ್ತಲಲ್ಲಿ ಬೇವಿನ ಮರದ ನೆರಳಿಗೆ ಕಟ್ಟೆಯ ಮೇಲಿಟ್ಟ.

ಅನಂತರ ಕೊಳವೆಯನ್ನು ಅಳೆದು ಕತ್ತರಿಸಿದ. ಗರಗಸ ಬಳಸಲಿಲ್ಲ. ಕೊಳವೆಯ ಸುತ್ತ ತಿರುಗುವ ಚಿಕ್ಕ ಚಕ್ರದ ಕಟರಿನಿಂದ ಕತ್ತರಿಸಿದ. ಕತ್ತರಿಸಿದ ಬಾಯಿಯನ್ನು ಕೆಳಮುಖ ಹಿಡಿದು ಅಂಚನ್ನು ಹೆರೆದ. ಕೆಳಮುಖ ಏಕೆ? ತಾಮ್ರದ ಪುಡಿ ಒಳಗೆ ಬಿದ್ದರೆ ಯಂತ್ರ ಕೆಡುತ್ತದೆ. ಬಳಿಕ ನಟ್ಟನ್ನು ಕೊಳವೆಗೆ ತೊಡಿಸಿ, ಕೊಳವೆಯ ತುದಿಯನ್ನು ಒಂದು ಉಪಕರಣದಿಂದ ತುತ್ತೂರಿಯ ಬಾಯಿಯಂತೆ ಅರಳಿಸಿದ. ಇದಕ್ಕೆ ಫ್ಲೇರ್ ಎನ್ನುತ್ತಾರೆ.

“ಕಲಿಯುವಾಗ ನಾನು ನಟ್ಟು ಹಾಕುವುದನ್ನೇ ಮರೆತು ತುದಿಯನ್ನು ಅರಳಿಸುತ್ತಿದ್ದೆ. ಆಮೇಲೆ ನಟ್ಟು ಹೋಗುತ್ತಲೇ ಇರಲಿಲ್ಲ. ಮತ್ತೆ ಕತ್ತರಿಸಬೇಕಾಗುತ್ತಿತ್ತು” ಎಂದು ಅವನು ನಗುತ್ತ ಹೇಳಿದ.

ಕೊಳವೆ ನುಗ್ಗಾಗದಂತೆ ಮೆಲ್ಲನೆ ಬಗ್ಗಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಫೋಮಿನ ಹೊದಿಕೆ ತೊಡಿಸಿದ. ನಟ್ಟುಗಳನ್ನು ಮೊದಲು ಬೆರಳಿನಿಂದ ತಿರುವಿ, ಅನಂತರ ಎರಡು ಪಾನಾ ಹಿಡಿದು ಬಿಗಿಗೊಳಿಸಿದ. ಜೋಡಣೆಯಾದ ಜಾಗಗಳನ್ನು ಮಾತ್ರ ಇನ್ನೂ ಹೊದಿಸದೆ ಬಿಟ್ಟಿದ್ದ.

ಆಗಲೇ ಮಧ್ಯಾಹ್ನ ಎರಡು ಗಂಟೆ. ಅಜ್ಜಿ ಒದ್ದೆ ಸೆರಗನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ತರುಣ ಕೊಳವೆಗಳಿಗೆ ಒತ್ತಡದಲ್ಲಿ ಸಾರಜನಕ ತುಂಬಿ, ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿದ. ಮೂರು ಕಡೆ ಏನೂ ಆಗಲಿಲ್ಲ. ದಪ್ಪ ಕೊಳವೆಯ ಒಂದು ತುದಿಯಲ್ಲಿ ಮಾತ್ರ ಸಾಸಿವೆಕಾಳಿನಷ್ಟು ಗುಳ್ಳೆ ಎದ್ದಿತು. ಅದನ್ನು ಮೊದಲು ಕಂಡವಳು ಅಕ್ಕನ ಮಗಳು.

“ಅಷ್ಟಕ್ಕೆ ಏನಾಗುತ್ತದೆ? ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಮುಗಿಸಪ್ಪಾ. ಅವ್ವ ಬಿಸಿಲಿಗೆ ಬಸವಳಿದಿದ್ದಾಳೆ” ಎಂದರು ಭಾವನವರು.

“ಅತಿಯಾಗಿ ಬಿಗಿದರೆ ತಾಮ್ರ ಸೀಳುತ್ತದೆ, ಸರ್. ಇಂದು ತಂಪಾಗುತ್ತದೆ, ಮುಂದಿನ ಬೇಸಿಗೆಗೆ ಅನಿಲವೇ ಇರುವುದಿಲ್ಲ” ಎಂದು ತರುಣ ಸಾರಜನಕವನ್ನು ಹೊರಬಿಟ್ಟು ಜೋಡಣೆ ಬಿಚ್ಚಿದ. ಅರಳಿಸಿದ ಅಂಚಿನಲ್ಲಿ ಕೂದಲೆಳೆಯಂಥ ಗೀರು ಇತ್ತು. ಆ ತುದಿಯನ್ನು ಕತ್ತರಿಸಿ ಎಸೆದು, ಹೊಸದಾಗಿ ಮಾಡಿದ. ಈ ಸಲ ಗುಳ್ಳೆ ಬರಲಿಲ್ಲ.

ಸೋರಿದ ಅನಿಲದಿಂದ ಮನೆಗಷ್ಟೇ ನಷ್ಟವಲ್ಲ. ಆರ್-22 ಎಂಬ ಹಳೆಯ ಶೀತಕವು ಭೂಮಿಯನ್ನು ಕಾಯುವ ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ. ಇಂಥ ವಸ್ತುಗಳನ್ನು ಕಡಿಮೆ ಮಾಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಈ ಎ.ಸಿ.ಯಲ್ಲಿರುವ ಆರ್-32 ಓಝೋನನ್ನು ಕೆಡಿಸುವುದಿಲ್ಲ. ಆದರೂ ಗಾಳಿಗೆ ಸೇರಿದರೆ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ಅದಕ್ಕೆ ಬೆಂಕಿಯೂ ಹತ್ತಬಲ್ಲದು. ಬೀಡಿ ಹಚ್ಚಲು ಹಿತ್ತಲಿಗೆ ಬಂದ ನೆರೆಯವರನ್ನು ತರುಣ ದೂರ ಕಳುಹಿಸಿದ್ದು ಅದಕ್ಕೇ.

ಇನ್ನಾದರೂ ಯಂತ್ರ ಶುರುವಾಗುವುದು ಎಂದು ನಾವೆಲ್ಲ ಕಾದೆವು. ಇಲ್ಲ! ಅವನು ಒಂದು ಪಂಪನ್ನು ಜೋಡಿಸಿ ಕೊಳವೆಗಳೊಳಗಿನ ಗಾಳಿಯನ್ನು ಹೊರಗೆಳೆಯತೊಡಗಿದ. ಒಳಗೆ ತೇವ ಉಳಿದರೆ ಅದು ಮಂಜಾಗಿ ಕಿರಿದಾದ ದಾರಿಯನ್ನು ಕಟ್ಟಬಹುದು, ಎಣ್ಣೆಯನ್ನೂ ಕೆಡಿಸುತ್ತದೆ. ಗಾಳಿಯ ಒತ್ತಡ ಬಹಳ ಇಳಿದಾಗ ನೀರು ಬೆಂಕಿ ಇಲ್ಲದೆಯೇ ಕುದಿದು ಆವಿಯಾಗುತ್ತದೆ. ಪಂಪು ಆ ಆವಿಯನ್ನೂ ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯ ಬಳಿಕ ಪಂಪು ನಿಲ್ಲಿಸಿ, ಮಾಪಕದ ಮುಳ್ಳನ್ನು ನೋಡುತ್ತ ಕುಳಿತ. ಮುಳ್ಳು ಅಲುಗಲಿಲ್ಲ. ಆಮೇಲೆ ಹೊರಗಿನ ಯಂತ್ರದ ಎರಡೂ ಕವಾಟಗಳನ್ನು ಚಿಕ್ಕ ಕೀಲಿಯಿಂದ ತೆರೆದ. ಕಾರ್ಖಾನೆಯಲ್ಲೇ ತುಂಬಿಟ್ಟಿದ್ದ ಶೀತಕ ಕೊಳವೆಗಳಿಗೆ ನುಗ್ಗಿತು.

ನಾಲ್ಕೂವರೆಗೆ ತಂಪು ಗಾಳಿ ಬಂತು. ಸ್ವಲ್ಪ ಹೊತ್ತಿಗೆ ಹಿತ್ತಲಿನ ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕತೊಡಗಿತು. ಅದು ಕೋಣೆಯ ಗಾಳಿಯಲ್ಲಿದ್ದ ತೇವ. ಹುಡುಗ ಅದರ ಕೆಳಗೆ ತಂಬಿಗೆ ಇಟ್ಟ. ಅಜ್ಜಿ ಆಗಲೇ ನಿದ್ದೆ ಹೋಗಿದ್ದರು. ಸಂಜೆ ಎಚ್ಚರವಾದಾಗ ಅವರು ಕೇಳಿದ್ದು ಒಂದೇ ಮಾತು: “ಯಾರಾದರೂ ಕೌದಿ ಕೊಡ್ರೋ, ಚಳಿ ಆಗ್ತದ.”

ಅಭ್ಯಾಸ

1. ತರುಣನು ಕೊಳವೆಯ ಬಾಯಿಯನ್ನು ಕೆಳಮುಖವಾಗಿ ಹಿಡಿದು ಹೆರೆದದ್ದೇಕೆ?
2. ಭಾವನವರು ಹೇಳಿದಂತೆ ನಟ್ಟನ್ನು ಇನ್ನಷ್ಟು ಬಿಗಿದಿದ್ದರೆ ಏನಾಗುತ್ತಿತ್ತು?
3. ಮಾಡಿ ನೋಡಿರಿ: ಒಂದು ಕೈಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈಗಳಿಗೆ ಬೀಸಣಿಗೆಯಿಂದ ಗಾಳಿ ಹಾಕಿರಿ. ಯಾವ ಕೈ ತಂಪಾಯಿತು? ಏಕೆ?