ಕ್ವಿಂಟಾಲ್ ಕೊಬ್ಬರಿಯ ಮೊಬೈಲು

ಮಗಳೇ,

ಹನ್ನೆರಡು ಸಾವಿರದೊಳಗೆ ಒಳ್ಳೇ ಮೊಬೈಲ್ ಯಾವುದು ದೊಡ್ಡಪ್ಪಾ ಅಂತ ಕೇಳಿದೆಯಲ್ಲ, ಒಂದು ಕಂಪನಿಯ ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕಣಕಟ್ಟೆ ಹೋಬಳಿಯಲ್ಲಿ 12,000 ರೂಪಾಯಿ ಸಣ್ಣ ಲೆಕ್ಕವಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ ಸರಿಯಾಗಿ ಅಷ್ಟೇ. ಆ ಬೆಲೆಗೆ ನಾಫೆಡ್‌ಗೆ ಮಾರುವುದಕ್ಕೆ ಹೆಸರು ಬರೆಸಲು ಅರಸೀಕೆರೆ, ತಿಪಟೂರು ಕಡೆಯ ರೈತರು ಎಷ್ಟು ಹೊತ್ತು ಸಾಲಿನಲ್ಲಿ ನಿಂತರು ಅನ್ನೋದು ನಿನ್ನ ಅಪ್ಪನಿಗೆ ಗೊತ್ತು. ಕಾಯಿ ಕೀಳಿಸಿ, ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕಾದು, ಸುಲಿಸಿ, ಚಿಪ್ಪು ಬಿಡಿಸಿದ ಮೇಲೆ ಕೈಗೆ ಬರುವ ದುಡ್ಡು ಅದು. ನಾಲ್ಕು ವರ್ಷ ಬಾಳಬೇಕಾದ ಮೊಬೈಲು ಒಂದೂವರೆ ವರ್ಷಕ್ಕೆ ಮೂಲೆ ಸೇರಿದರೆ ಅಷ್ಟೂ ದುಡಿಮೆ ಮೂಲೆ ಸೇರಿದ ಹಾಗೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳದೆ ಓದು.

ಕಡಿಮೆ ಬೆಲೆಗೆ ದೊಡ್ಡ ಸೌಲಭ್ಯ ಕೊಡುತ್ತೇವೆ ಅನ್ನೋದೆಲ್ಲ ಬರೀ ಜಾಹೀರಾತು ಅಂತ ನಾನು ಹೇಳುವುದಿಲ್ಲ. ಅದು ಆಗುವ ಮಾತು. ನಮ್ಮ ಬೆಂಗಳೂರಿನವರೇ ಮಾಡಿ ತೋರಿಸಿದ್ದಾರೆ. ಸಿಂಪ್ಯೂಟರ್ ಅನ್ನುವ ಹೆಸರನ್ನು ನೀನು ಕೇಳಿರಲಿಕ್ಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅನ್ನುವ ಅಧ್ಯಾಪಕರು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ, 1999ರಲ್ಲಿ ಒಂದು ಟ್ರಸ್ಟ್ ಕಟ್ಟಿ, ಅಂಗೈ ಮೇಲೆ ಕೂರುವ ಕಂಪ್ಯೂಟರ್ ಮಾಡಲು ಹೊರಟರು. 2004ರಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಅನ್ನುವ ಹೆಸರಲ್ಲಿ ತಯಾರಿಸಿತು. ಕಪ್ಪು ಬಿಳುಪು ಪರದೆಯದಕ್ಕೆ ಹತ್ತು ಸಾವಿರದ ಆಸುಪಾಸು ಬೆಲೆ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ ಅನ್ನೋದನ್ನ ನೆನಪಿಟ್ಟುಕೊಂಡು ಇದನ್ನು ಓದು.

ಅವರು ಬೆಲೆ ಇಳಿಸಿದ ಬಗೆ ನೋಡು. ಹಾರ್ಡ್ ಡಿಸ್ಕ್ ಬಿಟ್ಟರು, ಕೀಬೋರ್ಡ್ ಬಿಟ್ಟರು, ಅಗ್ಗದ ಮಾದರಿಯಲ್ಲಿ ಬಣ್ಣವನ್ನೂ ಬಿಟ್ಟರು. ಆದರೆ ಓದಲು ಬಾರದವರಿಗೆ ನಮ್ಮ ಭಾಷೆಗಳಲ್ಲೇ ಓದಿ ಹೇಳುವ ಸೌಲಭ್ಯವನ್ನು ಬಿಡಲಿಲ್ಲ. ಒಂದು ಊರಿಗೆ ಒಂದು ಯಂತ್ರ ಇದ್ದರೂ ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ತಮ್ಮ ಕೆಲಸ ಮಾಡಿಕೊಳ್ಳುವ ಏರ್ಪಾಟನ್ನೂ ಬಿಡಲಿಲ್ಲ. ಯಾರು ಬಳಸುತ್ತಾರೆ, ಯಾತಕ್ಕೆ ಬಳಸುತ್ತಾರೆ ಅನ್ನೋದನ್ನ ಮೊದಲು ಕೇಳಿಕೊಂಡು, ಆಮೇಲೆ ಕತ್ತರಿ ಹಾಕಿದ್ದರು. ಸಿಂಪ್ಯೂಟರ್ ಅಂದುಕೊಂಡಷ್ಟು ಮಾರಾಟವಾಗಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನೇ ಅಗ್ಗವಾಗಿ ಊರೂರು ಸೇರುತ್ತಿತ್ತು. ಆದರೂ ಆ ಅಧ್ಯಾಪಕರ ಬಗ್ಗೆ ನನಗೆ ದೊಡ್ಡ ಗೌರವ. ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಯಂತ್ರ ಮಾಡಿದರಲ್ಲ!

ಆಮೇಲಿನ ಮೊಬೈಲುಗಳಲ್ಲೂ ಇದೇ ಲೆಕ್ಕ. 2014ರಲ್ಲಿ ಮೋಟೊ ಜಿ 12,499ಕ್ಕೆ ಬಂತು. ಕ್ಯಾಮೆರಾ ಸಾಧಾರಣ, ಮೆಮೊರಿ ಕಾರ್ಡಿಗೆ ಜಾಗವೇ ಇಲ್ಲ. ಆದರೆ ತಡವರಿಸದೆ ಓಡುತ್ತಿತ್ತು. 2018ರ ಆಗಸ್ಟಿನಲ್ಲಿ ಪೊಕೊ ಎಫ್1 ಬಂದದ್ದು 20,999ಕ್ಕೆ. ಅದೇ ಸ್ನಾಪ್‌ಡ್ರ್ಯಾಗನ್ 845 ಚಿಪ್ ಇದ್ದ ಒನ್‌ಪ್ಲಸ್ 6ಕ್ಕೆ ಆ ವರ್ಷ 34,999. ಹದಿನಾಲ್ಕು ಸಾವಿರದ ವ್ಯತ್ಯಾಸ ಎಲ್ಲಿಂದ ಬಂತು? ಗಾಜಿನ ಬದಲು ಪ್ಲಾಸ್ಟಿಕ್ ಬೆನ್ನು, ಯಂತ್ರಕ್ಕೆ ತಾಗಿಸಿ ದುಡ್ಡು ಕೊಡಲು ಬೇಕಾದ ಎನ್‌ಎಫ್‌ಸಿ ಇಲ್ಲ. ಮೊದಮೊದಲು ನೆಟ್‌ಫ್ಲಿಕ್ಸ್‌ನಂಥವು ಅದರಲ್ಲಿ ಎಚ್‌ಡಿ ಗುಣಮಟ್ಟದಲ್ಲಿ ಬರುತ್ತಲೂ ಇರಲಿಲ್ಲ, ಮುಂದೆ ಅಪ್‌ಡೇಟ್‌ನಲ್ಲಿ ಸರಿಮಾಡಿದರು. ಆಟ ಆಡುವ ಹುಡುಗರಿಗೆ ಇದ್ಯಾವುದೂ ಕೊರತೆ ಅನ್ನಿಸಲಿಲ್ಲ, ಅವರಿಗೆ ಬೇಕಾದದ್ದು ಚಿಪ್.

ಕೊಬ್ಬರಿ ವ್ಯಾಪಾರಿ ಸಿಪ್ಪೆ ನೋಡಿ ಬೆಲೆ ಕಟ್ಟುವುದಿಲ್ಲ, ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗೆ ಗಡಗಡ ಅನ್ನುತ್ತದೋ ಇಲ್ಲವೋ ಕೇಳುತ್ತಾನೆ. ನೀನೂ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ಓದಿ ನಿಲ್ಲಬೇಡ. ಈ ಬೆಲೆಗೆ ಇಷ್ಟು ಕೊಡಬೇಕಾದರೆ ಎಲ್ಲಿ ಏನನ್ನು ಬಿಟ್ಟಿದ್ದಾರೆ, ಆ ಬಿಟ್ಟದ್ದು ನಿನಗೆ ಬೇಕಾದದ್ದೋ ಅಲ್ಲವೋ ಅಂತ ವಿಚಾರಿಸು. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿವರ.

ನಿನ್ನ ಕೆಲಸ ಏನು? ಹಾಸನದ ಕಾಲೇಜಿನ ಪಾಠದ ಪಿಡಿಎಫ್‌ಗಳು, ವಿದ್ಯಾರ್ಥಿವೇತನದ ಅರ್ಜಿ, ಅರಸೀಕೆರೆ ಜಂಕ್ಷನ್ನಿಂದ ಹತ್ತುವ ರೈಲಿನ ಟಿಕೆಟ್, ದುಡ್ಡು ಕಳಿಸುವ ಪಡೆಯುವ ಯುಪಿಐ. ರಜಕ್ಕೆ ಬಂದರೆ ಅಪ್ಪನ ಬೆಳೆ ಸಮೀಕ್ಷೆ. 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ಬೆಳೆ ದಾಖಲಿಸುವ ಏರ್ಪಾಟು ಬಂದ ಮೇಲೆ ಅದು ಮನೆಯ ಮಕ್ಕಳ ಕೆಲಸವೇ ಆಗಿದೆ. ಸರ್ವೆ ನಂಬರಿನೊಳಗೇ ನಿಂತು ಫೋಟೋ ತೆಗೆಯಬೇಕು. ಜಿಪಿಎಸ್ ನೀನು ಪಕ್ಕದವರ ಹೊಲದಲ್ಲಿದ್ದೀಯ ಅಂತ ತೋರಿಸಿದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಕೊಳ್ಳುವ ಮುಂಚೆ, ಅದೇ ಮಾದರಿ ಇರುವ ಪರಿಚಯದವರು ಯಾರಾದರೂ ಇದ್ದರೆ, ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಿ ದಿಶಾಂಕ್ ಆ್ಯಪ್ ತೆರೆಸು. ನಿಂತ ಜಾಗದ ಸರ್ವೆ ನಂಬರು ಸರಿಯಾಗಿ ಬರುತ್ತದೆಯೇ, ಎಷ್ಟು ಬೇಗ ಬರುತ್ತದೆ ನೋಡು. ಮಧ್ಯಾಹ್ನವೇ ಹೋಗು. ಅಂಗಡಿಯ ನೆರಳಿನಲ್ಲಿ ಮಿಂಚುವ ಪರದೆ ಬಿಸಿಲಿಗೆ ಹಿಡಿದಾಗ ಏನೂ ಕಾಣದೆ, ಕೈ ಅಡ್ಡ ಹಿಡಿದು ಇಣುಕುವ ಹಾಗಾಗಬಾರದು. 120 ಹರ್ಟ್ಜ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಬೆರಳಾಡಿಸಿದಾಗ ಪರದೆ ನುಣುಪಾಗಿ ಓಡುವುದು ಚೆಂದವೇ. ಆದರೆ ಅದೇ ಡಬ್ಬದಲ್ಲಿ ಪರದೆಯ ಅಳತೆ 720 ಅಂತ ಇದೆಯೋ 1080 ಅಂತ ಇದೆಯೋ ಓದು. ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರ ಕಣ್ಣಿಗೆ ಶ್ರಮವಿಲ್ಲದೆ ಕಾಣಬೇಕಾದರೆ 1080 ವಾಸಿ. ನೀನು ದಿನಕ್ಕೆ ನಾಲ್ಕು ಗಂಟೆ ಓದುವವಳು.

5ಜಿ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಬಹಳ ಮಂದಿ ಎಡವುತ್ತಾರೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು. ಜಿಯೋ ಅದಕ್ಕಾಗಿ 5ಜಿಯದೇ ಪೂರ್ತಿ ಬೇರೆ ಜಾಲ ಕಟ್ಟಿತು, ಇದಕ್ಕೆ ಎಸ್‌ಎ ಅನ್ನುತ್ತಾರೆ. ಏರ್‌ಟೆಲ್ ತನ್ನ 4ಜಿ ಜಾಲದ ಆಸರೆಯಲ್ಲೇ 5ಜಿ ಕೊಟ್ಟಿತು, ಇದು ಎನ್‌ಎಸ್‌ಎ. 2024ರ ನವೆಂಬರಿನಲ್ಲಿ ರೆಡ್ಮಿ ಎ4 5ಜಿ ಅನ್ನುವ ಫೋನು 8,499ಕ್ಕೆ ಬಂತು. ಅಷ್ಟು ಬೆಲೆಗೆ 5ಜಿ ಅಂದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದು ಎಸ್‌ಎ ಮಾತ್ರ ಹಿಡಿಯುತ್ತಿತ್ತು. ಏರ್‌ಟೆಲ್ ಸಿಮ್ ಹಾಕಿಕೊಂಡವರಿಗೆ ಆಗ 4ಜಿಯೇ ಗತಿಯಾಗಿತ್ತು. ಇದರಲ್ಲಿ ಮೋಸ ಏನಿಲ್ಲ, ವಿವರದಲ್ಲಿ ಬರೆದೇ ಇತ್ತು. ಜಿಯೋ ಸಿಮ್ ಇದ್ದವರಿಗೆ ಅದು ಲಾಭದ ಫೋನು. ಸಿಮ್ ಯಾವುದು ಅಂತ ನೋಡದೆ ಕೊಂಡವರಿಗೆ ಮಾತ್ರ ನಷ್ಟ.

ಇನ್ನೊಂದು ಮಾತು. ತರಂಗ ಕೆಳಗಿನ ಬ್ಯಾಂಡಿನದಾದಷ್ಟೂ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. 3500 ಮೆಗಾಹರ್ಟ್ಜ್ ಪಟ್ಟಣಕ್ಕೆ ಒಳ್ಳೆಯದು. ನಮ್ಮಂಥ ಹಳ್ಳಿಗೆ, ತೋಟದ ಮನೆಗೆ, 700 ಮೆಗಾಹರ್ಟ್ಜ್ ಮುಖ್ಯ. 2022ರ ಹರಾಜಿನಲ್ಲಿ ಆ 700 ಕೊಂಡದ್ದು ಜಿಯೋ ಒಂದೇ. ಫೋನಿನ ವಿವರದಲ್ಲಿ ಈ 700, 3500ರ ಗುರುತಾದ ಎನ್28, ಎನ್78 ಎರಡೂ ಇವೆಯೇ ಅಂತ ನೋಡು. ಬಿಎಸ್‌ಎನ್‌ಎಲ್ ಇಟ್ಟುಕೊಳ್ಳುವುದಾದರೆ 4ಜಿಯ ಬ್ಯಾಂಡ್ 28 ಇರಲಿ. ಎಲ್ಲಕ್ಕಿಂತ ಮೊದಲು, ಮನೆಯ ನಡುಮನೆಯಲ್ಲಿ ಯಾವ ಸಿಮ್ಮಿಗೆ ಟವರ್ ಸಿಗುತ್ತದೆ ಅಂತ ಗೊತ್ತುಮಾಡಿಕೋ. ಸಿಮ್ ಮೊದಲು, ಸೆಟ್ ಆಮೇಲೆ.

ವರ್ಷ ತುಂಬುವ ಹೊತ್ತಿಗೆ ಮೊಬೈಲ್ ಹ್ಯಾಂಗ್ ಆಗುತ್ತದೆ ಅಂತ ಎಲ್ಲರೂ ಗೋಳಾಡುತ್ತಾರೆ. ಬಹಳ ಸಲ ಅದಕ್ಕೆ ಕಾರಣ ರ‍್ಯಾಮ್ ಒಂದೇ ಅಲ್ಲ, ಸ್ಟೋರೇಜ್ ಕೂಡ. 128 ಜಿಬಿ ಅಂತ ಡಬ್ಬದ ಮೇಲಿರುತ್ತದೆ. ಅದು ಇಎಂಎಂಸಿಯೋ ಯುಎಫ್‌ಎಸ್ಸೋ ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ, ಕೆಲವು ಡಬ್ಬದ ಮೇಲೆ ಇರುವುದೇ ಇಲ್ಲ. ಇಎಂಎಂಸಿ ಒಂದು ಹೊತ್ತಿಗೆ ಓದುವುದು ಇಲ್ಲವೇ ಬರೆಯುವುದು, ಎರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲದು. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ವೇಗವೂ ಕೆಲವು ಪಟ್ಟು ಹೆಚ್ಚು. ಫೋಟೋ, ವಾಟ್ಸ್ಆ್ಯಪ್ ವಿಡಿಯೋ ತುಂಬುತ್ತಾ ಹೋದ ಹಾಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ನಿನ್ನ ಬೆಲೆಗೆ ಯುಎಫ್‌ಎಸ್ 2.2 ಸಿಕ್ಕಿದರೆ ಬಿಡಬೇಡ.

‘4+4 ಜಿಬಿ’, ‘16 ಜಿಬಿವರೆಗೆ ರ‍್ಯಾಮ್’ ಅಂತ ಬರೆದಿದ್ದರೆ ಕೂಡಿಸಬೇಡ. ಎರಡನೆಯ ಅಂಕಿ ಸ್ಟೋರೇಜಿನಿಂದ ಎರವಲು ತಂದದ್ದು, ನಿಜವಾದ ರ‍್ಯಾಮಿನ ವೇಗ ಅದಕ್ಕೆ ಇರುವುದಿಲ್ಲ. ಮೊದಲನೆಯ ಅಂಕಿಯೇ ನಿನ್ನ ರ‍್ಯಾಮ್. ಅದು 6 ಇರಲಿ.

ಕ್ಯಾಮೆರಾಕ್ಕೂ ಇದೇ ಮಾತು. 50 ಮೆಗಾಪಿಕ್ಸೆಲ್ ಅಂದರೆ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ, ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಫೋಟೋ ಕೊಡುತ್ತಾರೆ. ಮಂದ ಬೆಳಕಿನಲ್ಲಿ ಅದರಿಂದ ಅನುಕೂಲವೇ, ತಪ್ಪಿಲ್ಲ. ಹಿಂದೆ ಮೂರು ಕಣ್ಣು ಕಂಡರೆ ಮರುಳಾಗಬೇಡ. ಅದರಲ್ಲಿ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ, ಡೆಪ್ತ್ ಅನ್ನುವವು ಹೆಚ್ಚಾಗಿ ಜಾಗ ತುಂಬಲು ಕೂತಿರುತ್ತವೆ. ಪರೀಕ್ಷೆ ಮಾಡಬೇಕೆಂದರೆ ನಮ್ಮ ಸೀಮೆಯಲ್ಲಿ ಇರುವಂಥ ಜಾಗ ಬೇರೆಲ್ಲಿದೆ? ಅರಸೀಕೆರೆಯ ಈಶ್ವರ ದೇವಸ್ಥಾನಕ್ಕೆ ಹೋಗು. 1220ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು, ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ. ಆ ಮಂಟಪದಲ್ಲಿ ನಿಂತು ಒಂದು ಫೋಟೋ, ಒಳಗಿನ ನವರಂಗದ ಕತ್ತಲಲ್ಲಿ ಕಂಬದ ಕೆತ್ತನೆಯದು ಒಂದು. ಕಪ್ಪು ಕಲ್ಲಿನ ಕೆತ್ತನೆ ಕಲಸಿದ ಹಾಗೆ ಬಂದರೆ, ಸಂಜೆ ಹಾಸ್ಟೆಲಿನಲ್ಲಿ ಗೆಳತಿಯ ನೋಟ್ಸ್ ತೆಗೆದಾಗಲೂ ಹಾಗೇ ಬರುತ್ತದೆ. ಇದರ ನೆಪದಲ್ಲಾದರೂ ಆ ಗುಡಿಯನ್ನು ಸಾವಧಾನವಾಗಿ ನೋಡು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ನಮ್ಮ ಅರಸೀಕೆರೆಯದನ್ನು ನಾವೇ ನೋಡದಿದ್ದರೆ ಯಾರು ನೋಡುತ್ತಾರೆ?

ಬ್ಯಾಟರಿ 5000 ಎಂಎಎಚ್ ಈಗ ಮಾಮೂಲು. ‘33 ವ್ಯಾಟ್ ಸಪೋರ್ಟ್’ ಅಂದರೆ ಡಬ್ಬದಲ್ಲಿ ಅಷ್ಟು ವ್ಯಾಟಿನ ಚಾರ್ಜರ್ ಇದೆ ಅಂತ ಅರ್ಥವಲ್ಲ, ಕೆಲವರು ಚಾರ್ಜರನ್ನೇ ಕೊಡುವುದಿಲ್ಲ. ಕೇಳಿ ತಿಳಿದುಕೋ. ವಿಕಿರಣದ ಭಯ ನಿನ್ನ ಅಜ್ಜಿಗೆ ಇದೆ. ನಮ್ಮ ದೇಶದಲ್ಲಿ ಫೋನಿನಿಂದ ಮೈ ಹೀರುವ ವಿಕಿರಣದ, ಅಂದರೆ ಎಸ್‌ಎಆರ್ ಮಿತಿ ಕಿಲೋಗೆ 1.6 ವ್ಯಾಟ್, ಬಹಳಷ್ಟು ಫೋನಿನಲ್ಲಿ *#07# ಒತ್ತಿದರೆ ಅಂಕಿ ಕಾಣುತ್ತದೆ ಅಂತ ಅವರಿಗೆ ತೋರಿಸು.

ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅನ್ನುವುದನ್ನು ಕೇಳಲು ಹುಡುಗರು ಮರೆಯುತ್ತಾರೆ. ನಾನು ಕ್ಯಾಮೆರಾಕ್ಕಿಂತ ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಫೋನಿನಲ್ಲಿ ಈಗ ಬರೀ ಮಾತಿಲ್ಲ, ನಿನ್ನ ಬ್ಯಾಂಕ್ ಖಾತೆ ಇದೆ, ಅಪ್ಪನ ಖಾತೆಯ ಒಟಿಪಿ ಬರುವುದೂ ಅದಕ್ಕೇ. ಸೆಕ್ಯುರಿಟಿ ಅಪ್‌ಡೇಟ್ ನಿಂತ ಮೇಲೆ ಹೊಸದಾಗಿ ಗೊತ್ತಾದ ದೋಷಗಳಿಗೆ ತೇಪೆ ಹಾಕುವವರಿಲ್ಲ. 2024ರಲ್ಲಿ 18,999ರಿಂದ ಶುರುವಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಅದರಲ್ಲಿ ಚಿಪ್ ಅಂಥ ಬಿರುಸಿನದಲ್ಲ. ಅದೇ ಬೆಲೆಗೆ ಬಿರುಸಿನ ಚಿಪ್ ಕೊಟ್ಟು ಅಪ್‌ಡೇಟನ್ನು ಎರಡು ಮೂರು ವರ್ಷಕ್ಕೇ ನಿಲ್ಲಿಸುವವರಿದ್ದಾರೆ. ಆಟ ಆಡದ, ನಾಲ್ಕು ವರ್ಷ ಓದಬೇಕಾದ ನಿನಗೆ ಯಾವುದು ಸರಿ ಅಂತ ನನಗೆ ಅನುಮಾನವೇ ಇಲ್ಲ. ಹನ್ನೆರಡು ಸಾವಿರದಲ್ಲಿ ಆರು ವರ್ಷದ್ದು ಸಿಗದಿದ್ದರೆ ಕನಿಷ್ಠ ನಾಲ್ಕು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಇರುವುದನ್ನು ಹುಡುಕು. ಅದಕ್ಕಾಗಿ ಒಂದೆರಡು ಸಾವಿರ ಹೆಚ್ಚಾದರೆ ನಾನು ಕೊಡುತ್ತೇನೆ. ಕ್ಯಾಮೆರಾಕ್ಕೆ ಕೇಳಿದರೆ ಕೊಡುವುದಿಲ್ಲ.

ಕೊಳ್ಳುವ ಮೊದಲೇ ಆ ಕಂಪನಿಯ ಸರ್ವಿಸ್ ಸೆಂಟರ್ ಅರಸೀಕೆರೆಯಲ್ಲಿದೆಯೋ, ಹಾಸನಕ್ಕೇ ಹೋಗಬೇಕೋ ವಿಚಾರಿಸು. ಡಿಸ್‌ಪ್ಲೇ ಒಡೆದರೆ ಎಷ್ಟಾಗುತ್ತದೆ ಅಂತಲೂ ಕೇಳು. ಫೋನಿನ ಅರ್ಧ ಬೆಲೆ ಹೇಳಿದರೆ ಆ ಫೋನು ಅಗ್ಗದ್ದಲ್ಲ. ಬಡ್ಡಿಯಿಲ್ಲದ ಇಎಂಐ ಅಂದರೆ ಪ್ರೊಸೆಸಿಂಗ್ ಫೀ ಎಷ್ಟು, ನಗದು ಕೊಟ್ಟರೆ ಬೆಲೆ ಎಷ್ಟು ಇಳಿಯುತ್ತದೆ, ಎರಡನ್ನೂ ಕೇಳಿ ಕೂಡಿಸಿ ನೋಡು.

ಯಾರೋ ಸೆಕೆಂಡ್ ಹ್ಯಾಂಡಲ್ಲಿ ಇನ್ನೂ ದೊಡ್ಡ ಫೋನು ಕೊಡುತ್ತೇನೆ ಅಂದರೆ ಹೂಂ ಅನ್ನುವ ಮುಂಚೆ *#06# ಒತ್ತಿ ಹದಿನೈದು ಅಂಕಿಯ ಐಎಂಇಐ ಬರೆದುಕೋ. ಕೆವೈಎಂ ಅಂತ ಮೂರು ಇಂಗ್ಲಿಷ್ ಅಕ್ಷರ ಹೊಡೆದು, ಜಾಗ ಬಿಟ್ಟು, ಆ ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸು, ಫೋನಿನ ವಿವರ ಬರುತ್ತದೆ. ಕದ್ದ ಮಾಲೆಂದು ತಡೆಹಿಡಿದಿದ್ದರೆ ಅಲ್ಲೇ ತಿಳಿಯುತ್ತದೆ. ಹೊಸದು ಕೊಂಡರೂ ಡಬ್ಬದ ಮೇಲಿನ ಐಎಂಇಐ, ಫೋನಿನೊಳಗಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಜಿಎಸ್‌ಟಿ ಬಿಲ್ಲು ನಿನ್ನ ಹೆಸರಿಗೇ ಮಾಡಿಸು. ಅದರ ಫೋಟೋ ನನಗೂ ಕಳಿಸಿಬಿಡು. ಫೋನು ಕಳೆದರೆ ಸಂಚಾರ ಸಾಥಿ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಜೊತೆ ಬೇಕಾಗುವುದು ಆ ಅಂಕಿ, ಆ ಬಿಲ್ಲು.