ಇವತ್ತಿನ ಸೂರ್ಯ ನಾಳೆ ಬರಲ್ಲ!

ಪ್ರಾಚೀನ ಹೀಬ್ರೂ ಜನರಿಗೆ ಆಕಾಶ ಅಂದ್ರ ಒಂದು ಗಟ್ಟಿ ಗುಮ್ಮಟ. ಮೇಲೆ ನೀರು, ಕೆಳಗೆ ಚಪ್ಪಟೆ ಭೂಮಿ. ಗುಮ್ಮಟದ ಕಿಟಕಿ ತೆರೆದರೆ ಮಳೆ.

ನಗೋ ಮೊದಲು ನಮ್ಮ ಕಡೆ ನೋಡೋಣ. ಗುರುಮಠಕಲ್‌ನಿಂದ ಸೇಡಂ ದಾಟಿದರೆ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದರು. ಜೈನರ ಲೋಕದ ನಕ್ಷೆಯಲ್ಲೂ ಭೂಮಿ ಚಪ್ಪಟೆ: 1 ಲಕ್ಷ ಯೋಜನ ಅಗಲದ ದುಂಡನೆ ಜಂಬೂದ್ವೀಪ, ನಡುವೆ ಮೇರು ಪರ್ವತ, ಸುತ್ತ ಲವಣಸಮುದ್ರ. ಎರಡು ಸೂರ್ಯ ಎದುರುಬದುರಾಗಿ ಮೇರುವನ್ನು ಸುತ್ತುತ್ತವೆ. ಒಂದು ಸುತ್ತಿಗೆ ಎರಡು ದಿನ. ಅಂದ್ರ ಇವತ್ತಿನ ಸೂರ್ಯ ಮತ್ತೆ ಬರೋದು ನಾಡಿದ್ದು!

ಲೆಕ್ಕ ಸರಿ ಐತಿ ನೋಡ್ರಿ: ಎರಡು ಸೂರ್ಯ, 48 ಗಂಟೆ, ದಿನಕ್ಕೊಂದು ಉದಯ. ಆದರೆ ಉತ್ತರ ಸರಿ ಬಂದ ಮಾತ್ರಕ್ಕೆ ಮಾಡೆಲ್ ಸರಿ ಅಂತ ಅಲ್ಲ. ನಕ್ಷತ್ರಗಳೂ ಹೀಗೇ ಜೋಡಿ, ಅವಕ್ಕೂ ಎರಡು ದಿನ ಬೇಕು ಅನ್ನೋದು ಇದೇ ಲೆಕ್ಕ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಹಿಡಿದದ್ದು ಇಲ್ಲೇ: ಧ್ರುವದ ಹತ್ತಿರದ ನಕ್ಷತ್ರಗಳು ಒಂದೇ ದಿನದಲ್ಲಿ ಸುತ್ತು ಮುಗಿಸುತ್ತವೆ.

ಇದನ್ನ ಹಾಸ್ಟೆಲ್ ಟೆರೇಸ್ ಮೇಲೇ ಪರೀಕ್ಷಿಸಬಹುದು. ಸಪ್ತರ್ಷಿ ಮಂಡಲ 6 ಗಂಟೆಯಲ್ಲಿ ಕಾಲು ಸುತ್ತು ತಿರುಗುತ್ತೆ. ಎರಡು ದಿನದ ಲೆಕ್ಕ ನಿಜ ಆಗಿದ್ರೆ ತಿರುಗಬೇಕಾದ್ದು ಅರೆಕಾಲು ಸುತ್ತು ಮಾತ್ರ. ನಾವು ಕಟ್ಟೋ ಮಾಡೆಲ್‌ಗೂ ಇಂಥ ಎರಡನೇ ಪರೀಕ್ಷೆ ಬೇಕು.