ನೀನು ಅವರನ್ನು ಮೊದಲು ಕಂಡವಳಲ್ಲ

ಪುಟ್ಟೀ,

ಪರೀಕ್ಷೆ ಮುಗಿದ ಮೇಲೆ ಪ್ರತಿ ಶನಿವಾರ ನಮ್ಮ ಕೇಂದ್ರಕ್ಕೆ ಬರುತ್ತೀಯಂತೆ, ನಿಮ್ಮಮ್ಮ ಫೋನು ಮಾಡಿ ಹೇಳಿದಳು. ತಲೆಗೆ ಪೆಟ್ಟು ಬಿದ್ದವರ ನಡುವೆ ಇವಳಿಗೇನು ಕೆಲಸ ಎಂಬ ಆತಂಕವೂ ಅವಳ ದನಿಯಲ್ಲಿತ್ತು. ಕೆಲಸ ಇದೆ. ನಿನ್ನಂಥವರಿಂದ ಮಾತ್ರ ಆಗುವ ಕೆಲಸವೇ ಇದೆ. ಅದೇನೆಂದು ನೀನು ಬರುವ ಮುಂಚೆಯೇ ಕಿವಿಗೆ ಹಾಕಿಬಿಡೋಣ ಎಂದು ಬರೆಯುತ್ತಿದ್ದೇನೆ.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದ ಹುಡುಗರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಕಾಲು ಮುರಿದುಕೊಂಡು ಮೂರು ತಿಂಗಳಿಗೆ ಎದ್ದು ಓಡಾಡಿದವರೂ ಆ ಎರಡನೆಯ ಲೆಕ್ಕದಲ್ಲೇ ಇದ್ದಾರೆ, ನಮ್ಮಲ್ಲಿಗೆ ಬರುವವರೂ ಅದರಲ್ಲೇ ಇದ್ದಾರೆ. ಇನ್ನು ಕಟ್ಟಡದ ಮೇಲಿಂದ ಬಿದ್ದ ಗಾರೆ ಕೆಲಸದವರು, ತೆಂಗಿನ ಮರದಿಂದ ಬಿದ್ದವರು, ಸ್ಟ್ರೋಕ್ ಆದವರು, ಮಿದುಳು ಜ್ವರದಿಂದ ಉಳಿದುಕೊಂಡವರೂ ಬರುತ್ತಾರೆ.

ನೋಡಿದರೆ ಕೆಲವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಅದೇ ಈ ಪೆಟ್ಟಿನ ಕಷ್ಟ. ವೇಗದಲ್ಲಿದ್ದ ತಲೆ ಒಮ್ಮೆಗೇ ನಿಂತಾಗ ಒಳಗಿನ ಮಿದುಳು ನಿಲ್ಲುವುದಿಲ್ಲ. ಹಣೆಯ ಹಿಂದಿನ ಭಾಗ, ಕಿವಿಯ ಪಕ್ಕದ ಭಾಗ ಎರಡೂ ಬುರುಡೆಯ ಒಳತಳದ ಒರಟು ಮೂಳೆಗೆ ಉಜ್ಜುತ್ತವೆ. ಸಣ್ಣ ಸಣ್ಣ ನರತಂತುಗಳು ಎಳೆದು ಹರಿಯುತ್ತವೆ, ಎಷ್ಟೋ ಸಲ ಅದು ಸಿಟಿ ಸ್ಕ್ಯಾನಿನಲ್ಲಿ ಕಾಣುವುದೂ ಇಲ್ಲ. ಯೋಚಿಸಿ ಹೆಜ್ಜೆ ಇಡುವುದು, ಸಿಟ್ಟನ್ನು ತಡೆದುಕೊಳ್ಳುವುದು, ನಿನ್ನೆಯದನ್ನು ಇವತ್ತಿಗೆ ಉಳಿಸಿಕೊಳ್ಳುವುದು ಎಲ್ಲ ಆ ಭಾಗಗಳ ಕೆಲಸ. ಕೈಕಾಲು ಗಟ್ಟಿಯಾಗಿದ್ದು ಇವು ಕೈಕೊಟ್ಟರೆ ನೆಂಟರಿಷ್ಟರು ನಂಬುವುದಿಲ್ಲ. ‘ಚೆನ್ನಾಗೇ ಇದಾನಲ್ಲ, ಕೆಲಸಕ್ಕೆ ಹೋಗೋಕೇನು’ ಅನ್ನುತ್ತಾರೆ.

ಕೆಲವರ ಗಾಯ ಕಣ್ಣಿಗೆ ಕಾಣುತ್ತದೆ, ಅದಕ್ಕೂ ಸಿದ್ಧಳಾಗಿ ಬಾ. ತಲೆಯ ಒಂದು ಪಕ್ಕ ಅಂಗೈ ಅಗಲ ಗುಳಿ ಬಿದ್ದಿರುತ್ತದೆ. ಮಿದುಳು ಊದಿಕೊಂಡಾಗ ಅದಕ್ಕೆ ಜಾಗ ಮಾಡಿಕೊಡಲು ಬುರುಡೆಯ ಒಂದು ತುಂಡನ್ನು ತೆಗೆದಿರುತ್ತಾರೆ. ಆ ತುಂಡನ್ನು ಎಷ್ಟೋ ಸಲ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಕಾಪಾಡಿ ಇಟ್ಟು, ತಿಂಗಳುಗಳು ಕಳೆದ ಮೇಲೆ ಮತ್ತೆ ಕೂಡಿಸುತ್ತಾರೆ. ಅಲ್ಲಿಯವರೆಗೆ ಆ ಜಾಗದಲ್ಲಿ ಚರ್ಮ ಬಿಟ್ಟರೆ ಬೇರೆ ಕಾವಲಿಲ್ಲ. ಅಂಥವರ ಆ ಪಕ್ಕಕ್ಕೆ ಕುರ್ಚಿ, ಬಾಗಿಲು, ಕಿಟಕಿಯ ರೆಕ್ಕೆ ತಗಲದ ಹಾಗೆ ನೋಡಿಕೋ. ಗುಳಿಯನ್ನು ದಿಟ್ಟಿಸಬೇಡ, ಕಂಡೂ ಕಾಣದವಳ ಹಾಗೆ ಮುಖ ತಿರುಗಿಸಿಕೊಳ್ಳಲೂ ಬೇಡ. ಕಣ್ಣು ನೋಡಿ ಮಾತಾಡು.

ಮನೆಯವರು ನಿನಗೆ ಒಂದು ಅಂಕಿ ಹೇಳುತ್ತಾರೆ. ‘ಅಡ್ಮಿಟ್ ಮಾಡಿದಾಗ ಜಿಸಿಎಸ್ ಐದಿತ್ತು’ ಎಂದು. ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು 1974ರಲ್ಲಿ ಕೊಟ್ಟ ಪ್ರಜ್ಞೆಯ ಅಳತೆ ಅದು. ಕಣ್ಣು ಬಿಡುವುದು, ಮಾತು, ಕೈಕಾಲಿನ ಚಲನೆ ನೋಡಿ ಮೂರರಿಂದ ಹದಿನೈದರವರೆಗೆ ಅಂಕ ಹಾಕುತ್ತಾರೆ. ಪ್ರಾಣ ಉಳಿಸುವ ಹೊತ್ತಿನಲ್ಲಿ ಅದು ಬೇಕೇ ಬೇಕು. ಆದರೆ ಎರಡು ವರ್ಷದ ಮೇಲೆ ಈ ಮನುಷ್ಯ ಗ್ಯಾಸ್ ಆರಿಸಿ ಹೊರಗೆ ಹೋಗುತ್ತಾನೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಮನೆಯಲ್ಲಿ ಶುರುವಾಗುವ ಆ ದೀರ್ಘ ಕಾಲಕ್ಕಾಗಿಯೇ ನಮ್ಮಂಥ ಸಂಘಗಳು ಹುಟ್ಟಿಕೊಂಡದ್ದು. ಬ್ರಿಟನ್ನಿನ ಹೆಡ್‌ವೇ 1979ರಲ್ಲಿ ಶುರುವಾಯಿತು. ನಮ್ಮ ದೇಶದ ಇಂಡಿಯನ್ ಹೆಡ್ ಇಂಜುರಿ ಫೌಂಡೇಶನ್ 2007ರದ್ದು. ಜೋಧಪುರದ ರಾಜಮನೆತನದ ಮಗನಿಗೆ ಪೋಲೋ ಆಡುವಾಗ ತಲೆಗೆ ಪೆಟ್ಟಾದ ಮೇಲೆ ಅವನ ತಂದೆ ಕಟ್ಟಿದ ಸಂಸ್ಥೆ. ಅರಮನೆಯವರಾಗಲಿ ವಠಾರದವರಾಗಲಿ, ಡಿಸ್ಚಾರ್ಜ್ ಆದ ಮಾರನೆಯ ದಿನ ‘ಇನ್ನು ಏನು ಮಾಡೋದು’ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಪೆಟ್ಟು ಬಿದ್ದವನ ಸುತ್ತ ಇರುವವರೆಲ್ಲ ಅವನನ್ನು ಪೆಟ್ಟಿಗೆ ಮೊದಲು ಕಂಡವರು. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಆಫೀಸಿನ ಗೆಳೆಯರು ಎಲ್ಲರ ಕಣ್ಣಲ್ಲೂ ಹಳೆಯ ಮನುಷ್ಯ ಇದ್ದಾನೆ. ಅವರು ಬೇಕೆಂದು ಹೋಲಿಸುವುದಿಲ್ಲ, ಪ್ರೀತಿ ಇರುವುದರಿಂದಲೇ ಹೋಲಿಸುತ್ತಾರೆ. ಎದುರಿಗೆ ಕೂತವನಿಗೆ ಅದು ತಿಳಿಯುತ್ತದೆ. ಬೇರೆ ಎಷ್ಟೋ ಮರೆತುಹೋದರೂ ‘ನಾನು ಇವರಿಗೆ ಸಾಲುತ್ತಿಲ್ಲ’ ಎಂಬುದು ಮಾತ್ರ ಮರೆಯುವುದಿಲ್ಲ. ನೀನೊಬ್ಬಳೇ ಅವನನ್ನು ಮೊದಲು ಕಂಡವಳಲ್ಲ. ನಿನಗೆ ಅವನು ಹೀಗೇ ಪರಿಚಯ. ಮಾತು ತಡವರಿಸಿದರೆ ಅದೇ ಅವನ ಮಾತು, ಒಂದೇ ಕಥೆ ಮೂರು ಸಲ ಹೇಳಿದರೆ ಅದೇ ಅವನ ಕಥೆ. ಇದನ್ನು ಯಾವ ಡಾಕ್ಟರೂ ಬರೆದುಕೊಡಲಾರರು, ಮನೆಯವರು ಕೊಡಬೇಕೆಂದರೂ ಆಗದು.

ಫಿನಿಯಾಸ್ ಗೇಜ್ ಹೆಸರು ಕೇಳಿರಬಹುದು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆಯೊಂದು ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿದ್ದರೂ ಬದುಕಿದವನು. ಅವನು ಮೊದಲಿನ ಗೇಜ್ ಅಲ್ಲವೇ ಅಲ್ಲ ಎಂದು ಊರಿನ ಗೆಳೆಯರು ಹೇಳಿದರು, ಹಳೆಯ ಕೆಲಸವೂ ಸಿಗಲಿಲ್ಲ. ಪಠ್ಯಪುಸ್ತಕಗಳು ಬಹುಮಟ್ಟಿಗೆ ಅಲ್ಲಿಗೇ ಕಥೆ ನಿಲ್ಲಿಸುತ್ತವೆ. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಹಲವು ಕುದುರೆಗಳ ಲಗಾಮು ಹಿಡಿಯುವ, ಪ್ರಯಾಣಿಕರ ಹೊಣೆ ಹೊರುವ ಕೆಲಸ. ದಿನವೂ ಒಂದೇ ಕ್ರಮದ ದುಡಿಮೆ ಅವನನ್ನು ಎತ್ತಿ ನಿಲ್ಲಿಸಿರಬೇಕು ಎಂದು ಈಚಿನ ಸಂಶೋಧಕರು ಹೇಳುತ್ತಾರೆ. ಅದರ ಜೊತೆಗೆ, ಹಳೆಯ ಗೇಜ್‌ಗೆ ಹೋಲಿಸಿ ನೋಡುವವರು ಆ ದೂರದ ದೇಶದಲ್ಲಿ ಇರಲಿಲ್ಲ ಎಂಬುದೂ ಒಂದು ಕಾರಣ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಮೊದಲ ದಿನವೇ ‘ಮುಂಚೆ ಏನು ಮಾಡ್ತಿದ್ರಿ’ ಎಂದು ಕೇಳಬೇಡ. ಅವರಾಗೇ ಹೇಳಿದರೆ ಕೇಳಿಸಿಕೋ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೋ. ನಮ್ಮ ಮನೆಗಳಲ್ಲಿ ರೋಗಿ ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ‘ನಾನ್ಯಾರು ಹೇಳು ನೋಡೋಣ?’ ಪಾಪ, ಅವರಿಗೆ ಅಕ್ಕರೆ. ಉತ್ತರ ಬಾರದವನಿಗೆ ದಿನಕ್ಕೆ ಹತ್ತು ಸಲ ಫೇಲಾದ ಹಾಗೆ. ಅದರಿಂದ ನೆನಪು ಸುಧಾರಿಸುತ್ತದೆಯೇ ಎಂದರೆ ಅದೂ ಇಲ್ಲ. ನೆನಪಿನ ಶಕ್ತಿ ತೀರಾ ಕುಂದಿದವರು ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ಒಳಗೆ ಕೂತುಬಿಡುತ್ತದೆ ಎಂದು ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲೇ ತೋರಿಸಿದರು. ತಪ್ಪಿಗೆ ಅವಕಾಶವನ್ನೇ ಕೊಡದೆ, ಸರಿಯಾದುದನ್ನು ಮೊದಲೇ ಹೇಳಿಕೊಟ್ಟು ಅಭ್ಯಾಸ ಮಾಡಿಸಬೇಕು. ಹೋದ ಕೂಡಲೇ ನಿನ್ನ ಹೆಸರು ನೀನೇ ಹೇಳು, ಯಾಕೆ ಬಂದೆ ಎಂದು ಹೇಳು. ಪ್ರತಿ ಶನಿವಾರವೂ ಹೇಳು. ವರ್ಷವಾದರೂ ಹೆಸರು ನೆನಪಾಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಹೆಸರು ಬಾರದವರೂ ನಿನ್ನನ್ನು ಕಂಡು ಪಕ್ಕದ ಕುರ್ಚಿ ಎಳೆದು ಕೊಡುತ್ತಾರೆ.

ಕೇಂದ್ರದ ಅಡುಗೆಮನೆಯಲ್ಲಿ ನೀನು ಒಬ್ಬರನ್ನು ನೋಡುತ್ತೀಯ. ದರ್ಶಿನಿಯೊಂದರಲ್ಲಿ ಅಡುಗೆ ಭಟ್ಟರಾಗಿದ್ದವರು. ಈರುಳ್ಳಿ, ಚಾಕು ಮುಂದಿಟ್ಟರೆ ಬೆರಳು ಹಳೆಯ ಲಯದಲ್ಲೇ ಓಡುತ್ತದೆ, ಎಳೆ ಎಳೆಯಾಗಿ ಹೆಚ್ಚಿಟ್ಟುಬಿಡುತ್ತಾರೆ. ಹೆಚ್ಚಿದ ಮೇಲೆ ಹಾಗೇ ನಿಂತುಬಿಡುತ್ತಾರೆ. ಬಾಣಲೆ ಅಲ್ಲೇ ಇದೆ, ರವೆ ಹುರಿದಿಟ್ಟಿದೆ, ಮುಂದಿನದಕ್ಕೆ ಕೈ ಏಳುವುದಿಲ್ಲ. ಮನೆಯವರಿಗೆ ಇದು ಸೋಮಾರಿತನದ ಹಾಗೆ ಕಂಡಿತ್ತು. ಹಾಗಲ್ಲ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಕೆಲಸ ಗೊತ್ತಿದ್ದರೂ ಅದನ್ನು ಶುರು ಮಾಡುವ ಶಕ್ತಿಗೇ ಏಟು ಬೀಳುತ್ತದೆ. ಒಲೆಯ ಪಕ್ಕದ ಗೋಡೆಗೆ ದಪ್ಪ ಅಕ್ಷರದ ಕಾರ್ಡ್ ಅಂಟಿಸಿದ್ದೇವೆ. ಒಲೆ ಹಚ್ಚಿ. ಎಣ್ಣೆ ಹಾಕಿ. ಸಾಸಿವೆ ಸಿಡಿಯಲಿ. ಹೀಗೆ ಒಂದೊಂದು ಸಾಲು, ಕೊನೆಯ ಸಾಲು ‘ಗ್ಯಾಸ್ ಆರಿಸಿ’. ಅವರ ಪಕ್ಕ ನಿಂತು, ಕಾರ್ಡಿನ ಮೇಲೆ ಬೆರಳಿಟ್ಟು ‘ಭಟ್ರೇ, ಮುಂದೆ?’ ಅನ್ನುವುದಷ್ಟೇ ನಿನ್ನ ಕೆಲಸ. ಅಂದು ಸುಮ್ಮನಿರು. ಅರ್ಧ ನಿಮಿಷ ಆಗಬಹುದು, ಒಂದು ನಿಮಿಷವೂ ಆಗಬಹುದು. ಆಗ ನಿನ್ನ ಕೈ ಸೌಟಿನ ಕಡೆ ಹೋಗುತ್ತದೆ, ಹೋಗಗೊಡಬೇಡ. ನೀನು ಮಾಡಿದರೆ ಉಪ್ಪಿಟ್ಟು ಹತ್ತು ನಿಮಿಷಕ್ಕೆ ಆಗುತ್ತದೆ, ಆದರೆ ಅದು ಭಟ್ಟರ ಉಪ್ಪಿಟ್ಟಾಗುವುದಿಲ್ಲ. ಅವರು ಮಾಡಿದ್ದನ್ನು ಎಲ್ಲರೂ ತಿನ್ನುವಾಗ ಅವರು ಬಾಗಿಲ ಬಳಿ ನಿಂತು ‘ಉಪ್ಪು ಸರಿಯಿದೆಯಾ’ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಕಡಿಮೆಯಾಗಿದ್ದರೆ ಕಡಿಮೆ ಎಂದೇ ಹೇಳು. ರುಚಿ ಬಲ್ಲವರಿಗೆ ಸುಳ್ಳು ಹೊಗಳಿಕೆ ಬೇಡ.

ಮಾತು ಹೋದವರ ಹತ್ತಿರವೂ ಇದೇ ತಾಳ್ಮೆ ಬೇಕು. ಪದ ನಾಲಗೆಯ ತುದಿಗೆ ಬರುವಷ್ಟರಲ್ಲಿ ನಾವು ಪೂರ್ತಿ ಮಾಡಿಬಿಟ್ಟರೆ ಅವರು ಪ್ರಯತ್ನವನ್ನೇ ಬಿಡುತ್ತಾರೆ. ಹೌದು, ಅಲ್ಲ ಎಂದು ಹೇಳಬಹುದಾದ ಪ್ರಶ್ನೆ ಕೇಳು, ಪೆನ್ನು ಹಾಳೆ ಮುಂದಿಡು. ಮಾತು ಬಾರದವರ ಬಾಯಲ್ಲಿ ಹಾಡು ಸರಾಗ ಬರುವುದೂ ಉಂಟು. ಹಿಂದೆ ಕಲಿತ ಭಾಷೆಗಳಲ್ಲಿ ಒಂದು ಉಳಿದು ಇನ್ನೊಂದು ಹೋಗಿರಲೂಬಹುದು. ಕನ್ನಡದಲ್ಲಿ ತಡವರಿಸುವವರು ತೆಲುಗಿನಲ್ಲಿ ಉತ್ತರಿಸಿದರೆ ನೀನೂ ನಾಲ್ಕು ಮಾತು ತೆಲುಗು ಕಲಿ. ದನಿ ಏರಿಸಬೇಡ, ಅವರ ಕಿವಿ ಸರಿಯಾಗಿಯೇ ಇದೆ. ಮಗುವಿನ ಹತ್ತಿರ ಆಡುವ ರಾಗವಂತೂ ಖಂಡಿತ ಬೇಡ. ನಿನಗಿಂತ ಹಿರಿಯರನ್ನು ‘ನೀವು’ ಎಂದೇ ಕರೆ, ಅವರ ಸೊಂಟಕ್ಕೆ ಡೈಪರ್ ಇದ್ದರೂ.

ಅವರ ದಣಿವು ನಮ್ಮ ದಣಿವಿನಂಥದ್ದಲ್ಲ. ಮಿಕ್ಸಿ, ಟಿವಿ, ಇಬ್ಬರ ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಬೇಡದ್ದನ್ನು ಬದಿಗಿಡಲು ಅವರ ಮಿದುಳಿಗೆ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಡುಕು ಶುರುವಾದರೆ ಟಿವಿ ಆರಿಸು, ಒಬ್ಬೊಬ್ಬರೇ ಮಾತಾಡುವ ಹಾಗೆ ನೋಡಿಕೋ, ಮಲಗಲು ಬಿಡು.

ಹೆಣ್ಣುಮಗಳಾದ ನಿನಗೆ ಇದನ್ನೂ ಬಿಚ್ಚಿ ಹೇಳಬೇಕು. ತಡೆಯುವ ಶಕ್ತಿ ಕುಂದಿದ ಕೆಲವರು ಆಡಬಾರದ ಮಾತು ಆಡುತ್ತಾರೆ, ಕೈ ಹಿಡಿಯಲು ಬರುತ್ತಾರೆ. ಕಾಯಿಲೆಯಿಂದ ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ. ನಗಬೇಡ, ಕೂಗಾಡಬೇಡ. ‘ಹೀಗೆ ಮಾಡಬೇಡಿ, ನನಗೆ ಇಷ್ಟವಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ ಎದ್ದು ಬಾ, ಕೂಡಲೇ ನನಗೆ ತಿಳಿಸು. ಅವರಿಗೂ ಆ ಗೆರೆ ಕಾಣಬೇಕು, ನಿನಗೂ ಭಯವಿಲ್ಲದೆ ಬರಲು ಆಗಬೇಕು.

ಫಿಟ್ಸ್ ಬಂದರೆ ಗಾಬರಿಯಾಗಬೇಡ. ತಲೆಪೆಟ್ಟಿನ ನಂತರ ಕೆಲವರಿಗೆ ವರ್ಷಗಳ ಮೇಲೂ ಬರುತ್ತದೆ. ಯಾರಾದರೂ ಬೀಗದ ಕೈ ಹಿಡಿಸಲು, ಈರುಳ್ಳಿ ಮೂಸಿಸಲು, ಬಾಯಿಗೆ ಚಮಚ ತುರುಕಲು ಓಡಿಬರುತ್ತಾರೆ, ತಡೆ. ಸುತ್ತಲಿನ ಗಟ್ಟಿ ವಸ್ತು ಸರಿಸು, ತಲೆಯಡಿ ಮೆತ್ತಗಿನದು ಇಡು, ಮಗ್ಗುಲಿಗೆ ತಿರುಗಿಸು, ಗಡಿಯಾರ ನೋಡು. ಐದು ನಿಮಿಷ ದಾಟಿದರೆ 108ಕ್ಕೆ ಕರೆ. ಇನ್ನು ತಿಂಡಿ, ನೀರು, ಕಾಫಿ ಏನನ್ನೂ ನಮ್ಮನ್ನು ಕೇಳದೆ ಕೊಡಬೇಡ. ನುಂಗುವ ಹಿಡಿತ ತಪ್ಪಿದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಒಮ್ಮೊಮ್ಮೆ ನಮ್ಮಲ್ಲಿಗೆ ಬರುವ ಹುಡುಗನೊಬ್ಬನ ಮನೆಗೆ ಹೋದಾಗ ಅವನ ತಾಯಿ ಆಲ್ಬಮ್ ತೆಗೆಯುತ್ತಾಳೆ. ಡಿಗ್ರಿ ಗೌನು ಹಾಕಿ ನಿಂತ ಫೋಟೋ, ಹೊಸ ಬೈಕಿನ ಪಕ್ಕ ನಿಂತ ಫೋಟೋ. ಅದನ್ನು ಪೂರ್ತಿ ನೋಡು, ಅವಸರ ಮಾಡಬೇಡ. ಬದುಕಿರುವ ಮಗನಿಗಾಗಿ ಅಳುವ ಹಕ್ಕು ಅವಳಿಗೆ ಯಾರೂ ಕೊಟ್ಟಿಲ್ಲ. ‘ಜೀವ ಉಳೀತಲ್ಲ, ದೇವರು ದೊಡ್ಡವನು’ ಎಂದು ಬಂದವರೆಲ್ಲ ಬಾಯಿ ಮುಚ್ಚಿಸಿದ್ದಾರೆ. ನೀನು ಅದನ್ನು ಹೇಳಬೇಡ. ‘ಎಲ್ಲ ಮೊದಲಿನ ಹಾಗೆ ಆಗುತ್ತೆ’ ಎಂದೂ ಹೇಳಬೇಡ, ಆಗುತ್ತದೆಯೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಇವತ್ತು ಅವನು ಏನು ಮಾಡಿದ, ಯಾವ ಮಾತಿಗೆ ನಕ್ಕ ಎಂದು ಹೇಳು. ಅವಳಿಗೆ ಈಗಿನ ಮಗನ ಸುದ್ದಿ ಹೊರಗಿನಿಂದ ಬರುವುದು ನಿನ್ನಿಂದಲೇ. ಆಮೇಲೆ ಅವಳನ್ನು ಎರಡು ಗಂಟೆ ಹೊರಗೆ ಕಳಿಸು. ಬ್ಯಾಂಕಿಗಾದರೂ ಹೋಗಲಿ, ಗುಡಿಗಾದರೂ ಹೋಗಲಿ, ಒಳಕೋಣೆಯಲ್ಲಿ ಮಲಗಿಯಾದರೂ ಬಿಡಲಿ. ನಿನ್ನ ಜೊತೆ ಕೂತು ಉಪಚಾರ ಮಾಡಲು ಬಿಡಬೇಡ.

ನಿನ್ನ ಓದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮಿದುಳಿನ ಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಕೈಕಾಲು ಸ್ವಾಧೀನ ತಪ್ಪಿದವರಿಗೆ ಚಲನ ವೈಕಲ್ಯದಡಿ, ಮಾತು ಹೋದವರಿಗೆ ವಾಕ್ ಮತ್ತು ಭಾಷಾ ವೈಕಲ್ಯದಡಿ ದಾರಿ ಇದೆ. ನಡೆಯುತ್ತಾನೆ, ಮಾತಾಡುತ್ತಾನೆ, ಆದರೆ ಬೆಳಗಿನದು ಸಂಜೆಗೆ ನೆನಪಿಲ್ಲ ಎಂಬ ಹುಡುಗನನ್ನು ಎಲ್ಲಿ ಸೇರಿಸುವುದು ಎಂದು ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಇದು ಅನ್ಯಾಯ, ಸರಿಯಾಗಬೇಕು. ಅಲ್ಲಿಯವರೆಗೆ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ ಆನ್‌ಲೈನಿನಲ್ಲಿ ತುಂಬುವುದು, ಡಿಸ್ಚಾರ್ಜ್ ಸಮ್ಮರಿಗಳನ್ನು ತಾರೀಕಿನ ಪ್ರಕಾರ ಫೈಲು ಮಾಡುವುದು, ಜೊತೆಗೆ ಕ್ಯೂನಲ್ಲಿ ನಿಲ್ಲುವುದು ನಿನ್ನಿಂದ ಆಗುತ್ತದೆ.

ಯಾರ ಫೋಟೋವನ್ನೂ ಸ್ಟೇಟಸ್‌ಗೆ ಹಾಕಬೇಡ. ಅವರು ಒಪ್ಪಿದರೂ ಬೇಡ, ಒಪ್ಪಿದ್ದು ಅವರಿಗೆ ನಾಳೆ ನೆನಪಿರದಿರಬಹುದು.

ಕೊನೆಗೆ ಬಿಟ್ಟು ಹೋಗುವ ವಿಷಯ. ಕೆಲಸ ಸಿಕ್ಕಿ ಪುಣೆಗೋ ಹೈದರಾಬಾದಿಗೋ ಹೋಗುತ್ತೀಯ, ಅದು ತಪ್ಪಲ್ಲ. ಆದರೆ ಒಂದು ಶನಿವಾರ ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಡ. ಅಪಘಾತದ ಮೇಲೆ ಗೆಳೆಯರು ಒಬ್ಬೊಬ್ಬರೇ ಹೇಳದೆ ಜಾರಿಕೊಂಡದ್ದನ್ನು ಅವರು ಕಂಡಿದ್ದಾರೆ. ಒಂದು ತಿಂಗಳು ಮುಂಚೆಯೇ ತಿಳಿಸು. ಗೋಡೆಯ ಕ್ಯಾಲೆಂಡರಿನಲ್ಲಿ ನೀನು ಬರುವ ಕೊನೆಯ ದಿನಕ್ಕೆ ಅವರ ಕೈಯಿಂದಲೇ ಗುರುತು ಹಾಕಿಸು, ಪ್ರತಿ ವಾರ ಅದನ್ನು ತೋರಿಸು. ನಿನ್ನ ಬದಲಿಗೆ ಬರುವವರನ್ನು ಎರಡು ಸಲವಾದರೂ ಜೊತೆಗೆ ಕರೆತಂದು ಕೂರಿಸು, ಕಾರ್ಡಿನ ಮೇಲೆ ಬೆರಳಿಟ್ಟು ಕಾಯುವುದನ್ನು ಅವರಿಗೆ ಕಲಿಸಿ ಹೋಗು.

ನಿನ್ನ ದೊಡ್ಡಮ್ಮ